ಮುಂದಿನ ಸೀಟಿನ ಕುಂಯ್ ಕುಂಯ್

ಡ್ರೈವರ್ ಕೆಲಸದಲ್ಲಿ ದಿನಕ್ಕೊಂದು ರಗಳೆ ಇದ್ದದ್ದೇ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ನರಸೀಪುರದ ಅಕ್ಕಿ ಗಿರಣಿ ಯಜಮಾನರ ಕಾರು ಓಡಿಸುತ್ತಿದ್ದೆನಲ್ಲ, ಆಗಿನ ರಗಳೆಗಳನ್ನು ನೆನೆದು ಈಗಲೂ ಒಬ್ಬನೇ ಕೂತು ನಗುತ್ತೇನೆ. ನನ್ನ ಹೆಂಡತಿಗೆ ಅದರ ಮೇಲೂ ಅನುಮಾನ.

ಯಜಮಾನರು ಕೆಟ್ಟವರಲ್ಲ. ಅನುಮಾನ ಒಂದು ಜಾಸ್ತಿ. ಕಾಫಿ ಕೊಟ್ಟರೆ ಮೊದಲು ಮೂಸುವರು, ಆಮೇಲೆ ಕೊಟ್ಟವರ ಮುಖ ನೋಡುವರು.

೧. ಕವರ್ ಹೊಲಿಸಿದ್ದು

ಬೆಂಗಳೂರಲ್ಲಿದ್ದ ಯಾರೋ ದೊರೆ ತನ್ನ ದೇಶಕ್ಕೆ ವಾಪಸ್ ಹೋಗುವಾಗ ಮಾರಿದ ಫಾರಿನ್ ಕಾರನ್ನು ಯಜಮಾನರು ತಂದರು. ಸೀಟು ಕೊಳೆಯಾಗಬಾರದು ಅಂತ ನಂಜನಗೂಡಲ್ಲಿ ರೆಕ್ಸಿನ್ ಕವರ್ ಹೊಲಿಸಿದರು. ಅವತ್ತಿಂದ ಶುರುವಾಯಿತು ನೋಡಿ. ನನ್ನ ಪಕ್ಕದ ಸೀಟಲ್ಲಿ ಯಾರು ಕೂತು ಗಾಡಿ ಹೊರಟರೂ ಕುಂಯ್ ಕುಂಯ್. ಎದ್ದರೆ ಗಪ್‌ಚಿಪ್.

ಮೈಸೂರಿನ ಮೆಕ್ಯಾನಿಕ್ ಒಂದೇ ನಿಮಿಷದಲ್ಲಿ ಕಂಡುಹಿಡಿದ. "ಸೀಟಿನ ಮೇಲೆ ಭಾರ ಬಿದ್ರೆ ಬೆಲ್ಟ್ ಹಾಕ್ಕಳಿ ಅಂತ ಕೂಗ್ತದೆ ಕಣಯ್ಯ. ಆ ಬೆಲ್ಟು ರೆಕ್ಸಿನ್ ಒಳಗೆ ಸೇರ್ಕಂಡದೆ. ನಿನ್ನ ಕಡೇದನ್ನ ಯಾರೋ ಮೊದಲೇ ಸಿಕ್ಕಿಸವ್ರೆ. ಹೊಲಿಗೆ ಬಿಚ್ಚಿ ಇದನ್ನೂ ಸಿಕ್ಕಿಸು, ಸರಿಹೋಯ್ತದೆ."

ಬಂದು ಹೇಳಿದೆ. ಯಜಮಾನರು ಕಣ್ಣು ಕಿರಿದು ಮಾಡಿದರು. "ಕಾರಲ್ಲಿ ಕೂತ ಮನುಸನ್ನ ದನ ಕಟ್ದಂಗೆ ಕಟ್ತಾರೇನ್ಲಾ? ನೀನೂ ಅವನೂ ಸೇರ್ಕಂಡು ನಂಗೆ ಇನ್ನೊಂದು ಕವರ್ ಹೊಲಿಸಾಕೆ ನೋಡ್ತಿದ್ದೀರ!"

ಮಾರನೇ ದಿನದಿಂದ ಬೆಳಿಗ್ಗೆ ಎದ್ದವರೇ ಕಾರಿನ ಹತ್ತಿರ ಬಂದು ಹೊಲಿಗೆ ಎಣಿಸತೊಡಗಿದರು.

೨. ರೈಟರ ಅಜ್ಜಿ

ಗಿರಣಿಯ ಲೆಕ್ಕ ಬರೆಯುವ ರೈಟರು ಮೂರು ದಿನ ನಾಪತ್ತೆಯಾಗಿದ್ದರು. ನಾಲ್ಕನೇ ದಿನ ಯಜಮಾನರು ಅವರನ್ನು ಮುಂದೆ ಕೂರಿಸಿ ತಾವು ಹಿಂದೆ ಕೂತು, "ಎಲ್ಲಿಗೆ ಓಗಿದ್ದೆ?" ಅಂದರು.

"ತಗಡೂರಲ್ಲಿ ನಮ್ಮಜ್ಜಿ ತೀರ್ಕಂಡ್ರು ಸಾ."

ಗಾಡಿ ಹೊರಟಿತು. ಕುಂಯ್ ಕುಂಯ್. ರೈಟರು ಬೆವೆತುಹೋದರು. ಸುತ್ತಮುತ್ತ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಕೈಮುಗಿದುಬಿಟ್ಟರು. "ತಪ್ಪಾಯ್ತು ಸಾ! ಮೈಸೂರಲ್ಲಿ ಸಿನಿಮಾ ನೋಡ್ತಿದ್ದೆ. ಅಜ್ಜಿ ಗುಂಡುಕಲ್ಲಂಗವ್ರೆ. ಹೋದ ವರ್ಷ ತೀರ್ಕಂಡ್ರು ಅಂದಿದ್ನಲ್ಲ, ಅವರೂ ಇವರೇ!"

ಅವತ್ತು ಯಜಮಾನರು ಕಾರಿಂದ ಇಳಿದು ಬಾನೆಟ್ಟಿಗೆ ಕೈಮುಗಿದರು.

೩. ರಸಬಾಳೆ ಗೊನೆ

ನಂಜನಗೂಡಿನ ಅರ್ಚಕರೊಬ್ಬರು ಗಣಹೋಮಕ್ಕೆ ಬಂದಿದ್ದರು. ಕಡ್ಡಿಯಂಥ ಮನುಷ್ಯ. ಕರೆತರುವಾಗ ಅವರು ಕೂತದ್ದು ಸೀಟಿಗೇ ಗೊತ್ತಾಗಲಿಲ್ಲ, ಕಾರು ಉಸಿರೆತ್ತಲಿಲ್ಲ. "ನೋಡ್ಲಾ, ಸತ್ಯವಂತ್ರು ಅಂದ್ರೆ ಇವರು!" ಅಂದರು ಯಜಮಾನರು.

ವಾಪಸ್ ಹೋಗುವಾಗ ತೊಡೆಯ ಮೇಲೆ ರಸಬಾಳೆ ಗೊನೆ ಇತ್ತು. ಕುಂಯ್ ಕುಂಯ್!

"ಸ್ವಾಮಿ," ಯಜಮಾನರು ಹಿಂದಿನಿಂದ ಬಗ್ಗಿದರು, "ಆ ಗೊನೆ ಎಲ್ಲೀದು?"

"ನಿಮ್ಮ ತೋಟದ್ದೇ. ಈಗತಾನೆ ನೀವೇ ಕೊಟ್ಟಿರಲ್ಲ!"

ಮಾರನೇ ದಿನ ತೋಟದ ಕಾವಲುಗಾರನನ್ನು ಕರೆಸಿ ಕೇಳಿದರು: "ನಿಜ ಏಳ್ಲಾ, ಆ ಬಾಳೆಕಂದು ಯಾರ ತೋಟದಿಂದ ಕಿತ್ಕಂಡು ಬಂದು ನೆಟ್ಟೆ?"

ಅವರದಿರಲಿ, ನನ್ನದು ಕೇಳಿ. ಒಮ್ಮೆ ನನ್ನ ಭಾವಮೈದ ಆ ಸೀಟಲ್ಲಿ ಕೂತ. ಕೂಗಿತು. ಬೆಲ್ಟಿನ ವಿಷಯ ಗೊತ್ತಿದ್ದೂ, ಮನೆಗೆ ಹೋದವನೇ ಪಾತ್ರೆಪಗಡ ಎಲ್ಲ ಇದೆಯೋ ಇಲ್ಲವೋ ನೋಡಿದೆ.

೪. ಮೂಗೂರಿನ ಮೇಷ್ಟ್ರು

ಯಜಮಾನರ ಮಗಳನ್ನು ನೋಡಲು ಮೂಗೂರಿನಿಂದ ಹೈಸ್ಕೂಲ್ ಮೇಷ್ಟ್ರೊಬ್ಬರು ಬಂದರು. ಹುಡುಗ ಹುಡುಗಿ ಒಪ್ಪಿದರು. ಜಾತಕವೂ ಕೂಡಿತು. ಯಜಮಾನರು ಮಾತ್ರ, "ಬಸ್ ಸ್ಟ್ಯಾಂಡಿಗೆ ಬಿಡ್ತೀವಿ ಬನ್ನಿ" ಅಂತ ಮೇಷ್ಟ್ರನ್ನು ಮುಂದೆ ಕೂರಿಸಿದರು.

"ಸಿಗರೇಟು?" "ಇಲ್ಲ ಸಾರ್." ಕುಂಯ್ ಕುಂಯ್.

"ಇಸ್ಪೀಟು?" "ಅಯ್ಯೋ, ಇಲ್ಲ ಸಾರ್!" ಕುಂಯ್ ಕುಂಯ್.

ಸಂಬಂಧ ಅಲ್ಲಿಗೆ ಮುರಿಯಿತು. ಹುಡುಗಿ ಎರಡು ದಿನ ಊಟ ಮುಟ್ಟಲಿಲ್ಲ. ಯಜಮಾನರಿಗೆ ಹೇಳಿ ಪ್ರಯೋಜನವಿಲ್ಲ ಅಂತ ಬೆಲ್ಟಿನ ಕಥೆಯನ್ನೆಲ್ಲ ಅವರ ಹೆಂಡತಿ ಅಮ್ಮಾವರಿಗೆ ಹೇಳಿದೆ. ಅವರು, "ಯಾರು ಕೂತ್ರೂ ಕೂಗ್ತದಾ?" ಅಂದರು. "ಯಾರು ಕೂತ್ರೂ" ಅಂದೆ.

ಸೋಮವಾರ ನಂಜನಗೂಡಿನ ದೇವಸ್ಥಾನಕ್ಕೆ ಹೊರಟೆವು. ಅಮ್ಮಾವರು ಮಗಳ ಜೊತೆ ಹಿಂದೆ ಕೂತು, ಉಳಿದ ಜಾಗಕ್ಕೆ ಹಣ್ಣುಕಾಯಿ ಬುಟ್ಟಿ ಇಟ್ಟು, "ನೀವು ಮುಂದೆ ಕೂತ್ಕಳಿ" ಅಂದರು. ಆ ಸೀಟಲ್ಲಿ ಒಮ್ಮೆಯೂ ಕೂರದ ಯಜಮಾನರು ಗತ್ತಿನಿಂದ ಕೂತರು. ಕುಂಯ್ ಕುಂಯ್.

"ಅಲ್ಲಾ," ಅಮ್ಮಾವರು ತಣ್ಣಗೆ ಶುರುಮಾಡಿದರು, "ಮದುವೆಗೆ ಮುಂಚೆ ಬಿಳಿಗೆರೇಲಿ ಯಾವಳ್ದೋ ಹಿಂದೆ ಸುತ್ತುತಿದ್ರಿ ಅಂತ ನಮ್ಮಣ್ಣ ಅಂದಾಗ, ಬರೀ ಸುಳ್ಳು ಅಂದ್ರಲ್ಲ?"

"ಸುಳ್ಳೇ ಕಣೇ!" ಕುಂಯ್ ಕುಂಯ್.

"ದೇವರಾಣೆಗೂ?"

"ದೇವರಾಣೆ..." ಕುಂಯ್ ಕುಂಯ್. ಯಜಮಾನರು ಎಗರಿಬಿದ್ದರು. "ಥೂ ಇದರ! ಇದು ಸುಳ್ಳುಬುರುಕ ಕಾರು ಕಣೇ!"

"ಹಂಗಾದ್ರೆ ಮೇಷ್ಟ್ರ ಮ್ಯಾಲೆ ಕೂಗಿದ್ದು?"

"ಅದೂ ಸುಳ್ಳೇ! ಚಿನ್ನದಂಥಾ ಹುಡುಗ!"

ಕನ್ನಡಿಯಲ್ಲಿ ನೋಡಿದೆ. ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವತ್ತೇ ದೇವಸ್ಥಾನದಲ್ಲಿ ಮದುವೆ ದಿನ ಗೊತ್ತುಮಾಡಿದರು.

ತಾಯಿ ಮಗಳು ಪ್ರದಕ್ಷಿಣೆಗೆ ಹೋದಾಗ ಯಜಮಾನರು ನನ್ನ ಹತ್ತಿರ ಬಂದರು. ಅತ್ತಿತ್ತ ನೋಡಿ, ಕಾರಿಗೂ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದರು:

"ಲೇ, ಇದಕ್ಕೆ ಹಳೇದೆಲ್ಲಾನೂ ಗೊತ್ತಾಯ್ತದಾ, ಇಲ್ಲಾ ನಾವು ಕೊಂಡ್ಕಂಡ ಮ್ಯಾಲಿಂದು ಮಾತ್ರಾನಾ?"