ಅರವತ್ತೊಂದರಲ್ಲಿ ಸಿಂಬಲ್ಸ್ ಹಿಡಿದೆ

ಎರಡು ಹಿತ್ತಾಳೆ ತಟ್ಟೆ ಹೊತ್ತುಕೊಂಡು ಚಿಕ್ಕಲಸಂದ್ರದಿಂದ ಜಯನಗರದವರೆಗೆ ಓಡಾಡುವ ಹೆಂಗಸಿಗೆ ದಿನಕ್ಕೊಂದು ಏನಾದರೂ ಆಗದೇ ಇದ್ದರೆ ಅದೇ ವಿಶೇಷ. ನನಗೀಗ ಅರವತ್ತೊಂದು. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಪಾಠ ಮಾಡಿ ರಿಟೈರ್ ಆದವಳು. ಈಗ ಮಹಿಳೆಯರ ಮಾರ್ಚಿಂಗ್ ಬ್ಯಾಂಡಿನಲ್ಲಿ ಸಿಂಬಲ್ಸ್ ಬಾರಿಸುತ್ತೇನೆ. ಕೇಳಿದವರು ಮೊದಲು ನಗುತ್ತಾರೆ. ನಗಲಿ. ಬಾರಿಸಿದಾಗ ಯಾರೂ ನಕ್ಕಿಲ್ಲ. ನಕ್ಕಿದ್ದರೂ ಆ ಸದ್ದಿನಲ್ಲಿ ನನಗೆ ಕೇಳಿಸಿಲ್ಲ.

ಬೆಳಿಗ್ಗೆ ಪಾರ್ಕಿನಲ್ಲಿ ವಾಕ್ ಮಾಡುತ್ತಿದ್ದ ನಾವು ಇಪ್ಪತ್ತು ಜನ ಸೇರಿ ಕಟ್ಟಿದ ಬ್ಯಾಂಡ್ ಇದು. ಎಲ್ಲರೂ ನಲವತ್ತು ದಾಟಿದವರು. ಕೆಲವರು ಎಪ್ಪತ್ತರ ಹತ್ತಿರ ಇದ್ದಾರೆ, ಒಪ್ಪಿಕೊಳ್ಳುವುದಿಲ್ಲ. ಆಗಸ್ಟ್ ಹದಿನೈದರ ಪೆರೇಡಿನಲ್ಲಿ ಮಾರ್ಚ್ ಮಾಡಬೇಕು ಎನ್ನುವುದು ನಮ್ಮ ಆಸೆ. ಕಲಿಸುವುದಕ್ಕೆ ಬನಶಂಕರಿಯಲ್ಲಿದ್ದ ಒಬ್ಬ ನಿವೃತ್ತ ಬ್ಯಾಂಡ್ ಮಾಸ್ಟರನ್ನು ಹಿಡಿದು ತಂದೆವು.

ಅಂಟಿಕೊಂಡಿದ್ದು

ಮೊದಲ ದಿನ ಮಾಸ್ಟರು ನಮ್ಮನ್ನು ಸಾಲಾಗಿ ನಿಲ್ಲಿಸಿ, ಯಾರಿಗೆ ಏನು ಬರುತ್ತದೆ ಎಂದು ವಿಚಾರಿಸುತ್ತಾ ಬಂದರು. ಒಬ್ಬರು ವೀಣೆ ಅಂದರು, ಒಬ್ಬರು ಹಾರ್ಮೋನಿಯಂ ಅಂದರು, ಇನ್ನೊಬ್ಬರು ಭರತನಾಟ್ಯದ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದನ್ನು ಇಸವಿ ಸಮೇತ ಹೇಳಿದರು. ನನ್ನ ಸರದಿ ಬಂತು.

"ನಿಮಗೇನ್ ಬರುತ್ತೆ ಮೇಡಂ?"

"ಲೆಕ್ಕ ಬರುತ್ತೆ ಸಾರ್."

ಮಾಸ್ಟರು ಎರಡು ಹಿತ್ತಾಳೆ ತಟ್ಟೆ ಮುಂದೆ ಚಾಚಿದರು. "ಎಣಿಸೋಕೆ ಬರುತ್ತಲ್ಲ, ಸಾಕು. ಸಿಂಬಲ್ಸ್ ತಗೊಳ್ಳಿ."

ನನಗೆ ಕೊಳಲಿನ ಮೇಲೆ ಕಣ್ಣಿತ್ತು. ಆದರೆ ಆ ತಟ್ಟೆಗಳನ್ನು ಕೈಗೆ ತೆಗೆದುಕೊಂಡಾಗ ಅವುಗಳ ಭಾರ, ಹೊಳಪು ನೋಡಿ ಮನಸ್ಸು ಬದಲಾಯಿತು. ಹಿಂಬದಿಯ ಚರ್ಮದ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ಎರಡು ಕೈಯನ್ನೂ ಅಗಲಕ್ಕೆ ಚಾಚಿ, ಇಡೀ ಪಾರ್ಕ್ ಎದ್ದು ಕೂರಬೇಕು ಅನ್ನುವ ಹಾಗೆ ಹೊಡೆದೆ.

'ಪಚ್' ಅಂತು.

ಅಷ್ಟೇ. ಎಳೆದರೆ ತಟ್ಟೆಗಳು ಬಿಟ್ಟುಕೊಳ್ಳಲೂ ಇಲ್ಲ. ಎರಡನ್ನೂ ನೇರಕ್ಕೆ ನೇರ ಹೊಡೆದರೆ ಮಧ್ಯೆ ಗಾಳಿ ಸಿಕ್ಕಿಹಾಕಿಕೊಂಡು ಹಾಗೆ ಕಚ್ಚಿಕೊಳ್ಳುತ್ತವಂತೆ. ಓರೆ ಮಾಡಿ, ಒಂದನ್ನು ಮೇಲಕ್ಕೆ ಒಂದನ್ನು ಕೆಳಕ್ಕೆ ಸವರಿದ ಹಾಗೆ ಹೊಡೆಯಬೇಕು. ಅದೆಲ್ಲ ಆಮೇಲೆ ಕಲಿತಿದ್ದು. ಆಗ ಮಾತ್ರ ಒಂದು ಕಡೆ ನಾನು, ಇನ್ನೊಂದು ಕಡೆ ಹಾರ್ಮೋನಿಯಂನವರು ನಿಂತು ಹಗ್ಗಜಗ್ಗಾಟ ಮಾಡಿದೆವು.

ಮಾಸ್ಟರು ಕೈಕಟ್ಟಿ ನಿಂತು ನೋಡುತ್ತಿದ್ದವರು ಕೊನೆಗೆ ಹೇಳಿದರು: "ನಲವತ್ತು ವರ್ಷದ ಸರ್ವೀಸಲ್ಲಿ ದೋಸೆ ಕಾವಲಿಗೆ ಅಂಟಿದ್ದು ನೋಡಿದೀನಿ ಮೇಡಂ. ಕಾವಲಿ ಕಾವಲಿಗೆ ಅಂಟಿದ್ದು ಇದೇ ಮೊದಲು."

ಮೊದಲ ಕೋರಿಕೆ

ಮನೆಯಲ್ಲಿ ಪ್ರ್ಯಾಕ್ಟೀಸ್ ಎಂದರೆ ಟೆರೇಸು. ನಮ್ಮ ಮೇಲಿನ ಮಹಡಿಯಲ್ಲಿ ಧಾರವಾಡ ಕಡೆಯ ಒಬ್ಬ ಹುಡುಗಿ ಬಾಡಿಗೆಗಿದ್ದಾಳೆ. ಯಾವುದೋ ಆಫೀಸಿನ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ. ಅವಳ ತಲೆಯ ಮೇಲೆ ಸರಿಯಾಗಿ ನನ್ನ ಪ್ರ್ಯಾಕ್ಟೀಸು.

ಎರಡನೇ ವಾರ ಅವಳು ಲ್ಯಾಪ್‌ಟಾಪ್ ತೆರೆದೇ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಜಗಳ ಗ್ಯಾರಂಟಿ ಅಂದುಕೊಂಡೆ. ಪಾಪ, ಅವಳು ಬಹಳ ಮರ್ಯಾದೆಯಿಂದಲೇ ಕೇಳಿದಳು.

"ಅಕ್ಕಾರ, ಇದು ದಿನಾ ಎಷ್ಟೊತ್ತಿಗೆ ಇರ್ತದ್ರೀ?"

"ತೊಂದರೆ ಆಗ್ತಿದ್ಯೇನಮ್ಮ? ನಾಳೆಯಿಂದ ಪಾರ್ಕಿಗೇ ಹೋಗ್ತೀನಿ ಬಿಡು."

"ಬ್ಯಾಡ್ರೀ ಅಕ್ಕಾರ, ಬ್ಯಾಡ್ರೀ!" ಎಂದು ಗಾಬರಿಯಿಂದ ಅಂದಳು. "ನಮ್ಮ ಮ್ಯಾನೇಜರ್ ಅದಾರ‍್ರೀ, ಮೀಟಿಂಗ್ನಾಗ ಮಾತಾಡಾಕ ಹತ್ತಿದ್ರ ನಿಲ್ಲಸೂದ ಇಲ್ಲ. ನಿನ್ನೆ ನೀವು ಢಣ್ ಅನ್ನಿಸಿದ್ದಕ್ಕ ಬೆಚ್ಚಿಬಿದ್ದು, ಇವತ್ತಿಗೆ ಸಾಕು ಅಂದು ಕಾಲ್ ಕಟ್ ಮಾಡಿದ್ರು. ಇವತ್ತ ಮೂರೂವರೆಗೆ ಮತ್ತ ಮೀಟಿಂಗ್ ಐತ್ರೀ. ನಾಕಕ್ಕ ಸರಿಯಾಗಿ ಒಂದು ಬಾರಿಸ್ತೀರೇನ್ರೀ?"

ಕಲಾವಿದೆಯಾಗಿ ನನಗೆ ಬಂದ ಮೊದಲ ಕೋರಿಕೆ ಅದು. ನಾಲ್ಕಕ್ಕೆ ಒಂದು ನಿಮಿಷವೂ ತಪ್ಪದೆ ಬಾರಿಸಿದೆ. ಕೆಳಗಿನಿಂದ ಚಪ್ಪಾಳೆ ಬಂತು.

ಪೂಜೆ

ಮಾಸ್ಟರು ವಾರಕ್ಕೊಮ್ಮೆ ಜಯನಗರದ ಮೈದಾನದಲ್ಲಿ ಎಲ್ಲರನ್ನೂ ಸೇರಿಸುತ್ತಿದ್ದರು. ಅಲ್ಲಿಗೆ ಹೋಗಲು ಒಂದು ದಿನ ಮೆಟ್ರೊ ಹಿಡಿಯೋಣ ಎಂದು ಹೊರಟೆ. ತಟ್ಟೆಗಳನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟಿದ್ದೆ. ಬ್ಯಾಗು ಸ್ಕ್ಯಾನರಿನ ಒಳಗೆ ಹೋಯಿತು. ಅಲ್ಲೇ ನಿಂತಿತು. ವಾಪಸ್ ಬಂತು. ಮತ್ತೆ ಹೋಯಿತು.

ಸೆಕ್ಯೂರಿಟಿ ಹುಡುಗಿ ಕರೆದಳು. "ಆಂಟಿ, ಏನಿದು ಒಳಗಡೆ?"

"ಸಿಂಬಲ್ಸ್ ಕಣಮ್ಮ."

"ಅಂದ್ರೆ?"

"ಬಾರಿಸೋದು. ಬ್ಯಾಂಡಲ್ಲಿ."

ಅವಳು ನನ್ನ ಇಳಕಲ್ ಸೀರೆ ನೋಡಿದಳು, ಕಾಲಿನಲ್ಲಿದ್ದ ಬಿಳಿ ಶೂ ನೋಡಿದಳು. ನಂಬಿಕೆ ಬರಲಿಲ್ಲ. "ನೀವಾ? ಎಲ್ಲಿ, ಬಾರಿಸಿ ನೋಡೋಣ."

ಅಷ್ಟು ಹೊತ್ತಿಗೆ ನನಗೆ ಎರಡು ತಿಂಗಳ ತಾಲೀಮಾಗಿತ್ತು. 'ಪಚ್' ಅನ್ನುವ ಕಾಲ ಮುಗಿದಿತ್ತು. ಕೇಳಿದ ಮೇಲೆ ಬಿಡುವುದು ಹೇಗೆ? ಟವೆಲ್ ಬಿಚ್ಚಿ, ಕಾಲು ಅಗಲಿಸಿ ನಿಂತು, ಮಾಸ್ಟರು ಹೇಳಿಕೊಟ್ಟ ಹಾಗೆ ಸವರಿ ಹೊಡೆದೆ. 'ಝಣ್' ಎಂದು ಎದ್ದ ನಾದ ಆ ಎತ್ತರದ ಛಾವಣಿಗೆ ಬಡಿದು, ಸುತ್ತು ಹಾಕಿ, ಮತ್ತೆ ಇಳಿದು ಬಂತು. ನಾನೇ ಬೆರಗಾದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ನಾದ ಅದುವರೆಗೆ ಬಂದಿರಲಿಲ್ಲ.

ಇಡೀ ಸ್ಟೇಷನ್ ನಿಂತುಬಿಟ್ಟಿತು. ಸಾಲಿನಲ್ಲಿ ನನ್ನ ಹಿಂದಿದ್ದ ವಯಸ್ಸಾದವರೊಬ್ಬರು ತಟ್ಟನೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದರು. ಅವರನ್ನು ನೋಡಿ ಅವರ ಹಿಂದಿದ್ದವರು ಮುಗಿದರು. ಅವರನ್ನು ನೋಡಿ ಇಬ್ಬರು ಕಾಲೇಜು ಹುಡುಗರು ಕಿವಿಯಿಂದ ಇಯರ್‌ಫೋನ್ ತೆಗೆದು ಎದೆ ಮುಟ್ಟಿಕೊಂಡರು. ಕೊನೆಗೆ ಸೆಕ್ಯೂರಿಟಿ ಹುಡುಗಿಯೂ ಗಲ್ಲ ಗಲ್ಲ ಬಡಿದುಕೊಂಡಳು.

ತೀರ್ಥ ಎಲ್ಲಿ ಎಂದು ಯಾರಾದರೂ ಕೇಳುವ ಮೊದಲೇ ರೈಲು ಹತ್ತಿದೆ.

ವೆರಿ ಗುಡ್

ಪೆರೇಡಿಗೆ ನಮ್ಮನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಸಮಿತಿಯ ಮೂವರು ಬಂದರು. ಅವರಲ್ಲಿ ಒಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದರು. "ಆಂಟೀರಿಗೆಲ್ಲ ಈ ಬಿಸಿಲಲ್ಲಿ ಮಾರ್ಚ್ ಯಾಕೆ ಸಾರ್? ಸ್ಟೇಜ್ ಮೇಲೆ ಕೂತು ಒಂದು ದೇಶಭಕ್ತಿ ಗೀತೆ ಹಾಡ್ಲಿ ಬಿಡಿ."

ಹಾಡು ಎಂದರೆ ನಮಗೇನೂ ದ್ವೇಷವಿಲ್ಲ. ಆದರೆ ಆ 'ಕೂತು' ಎನ್ನುವ ಮಾತು ಇಪ್ಪತ್ತು ಜನರಿಗೂ ಚುಚ್ಚಿತು.

ಕಷ್ಟ ಏನೆಂದರೆ, ನಮ್ಮ ಮಾರ್ಚಿನಲ್ಲಿ ಒಂದು ಜಾಗ ಬರುತ್ತದೆ. ಎಲ್ಲ ಡ್ರಮ್ಮೂ ನಿಂತುಬಿಡುತ್ತವೆ. ಹದಿನಾರು ಹೆಜ್ಜೆ ಬರೀ ಬೂಟಿನ ಸದ್ದು. ಆಮೇಲೆ ಸಿಂಬಲ್ಸಿನ ಒಂದೇ ಹೊಡೆತ. ಅದರ ಮೇಲೆ ಎಲ್ಲರೂ ಮತ್ತೆ ಶುರು ಮಾಡಬೇಕು. ಮೂವತ್ತೆರಡು ವರ್ಷ ಬೀಜಗಣಿತ ಕಲಿಸಿದ ನಾನು, ನಡೆಯುತ್ತಾ ಹದಿನಾರು ಎಣಿಸಲಾರದೆ ಒಮ್ಮೆ ಹದಿನೈದಕ್ಕೆ, ಒಮ್ಮೆ ಹದಿನೇಳಕ್ಕೆ ಹೊಡೆಯುತ್ತಿದ್ದೆ. ಹೊಡೆದಾಗಲೆಲ್ಲ ಅರ್ಧ ಬ್ಯಾಂಡ್ ಮುಂದೆ, ಅರ್ಧ ಹಿಂದೆ.

ಪಕ್ಕದಲ್ಲಿ ದೊಡ್ಡ ಡ್ರಮ್ ಬಾರಿಸುವವಳು ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೇ ಕ್ಲಾಸಿನಲ್ಲಿ ಅವಳನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, "ಬೆರಳು ಮಡಚಿ ಎಣಿಸು, ನಾಚಿಕೆ ಏನು?" ಎಂದು ಗದರಿದ್ದು ನನಗೆ ಮರೆತಿತ್ತು. ಅವಳಿಗೆ ಮರೆತಿರಲಿಲ್ಲ.

"ಬೆರಳು ಮಡಚಿ ಎಣ್ಸಿ ಟೀಚರ್, ನಾಚ್ಕೆ ಏನು?" ಎಂದಳು.

ಮಡಚುವುದೆಲ್ಲಿ, ಹತ್ತೂ ಬೆರಳು ಚರ್ಮದ ಪಟ್ಟಿಯಲ್ಲಿ ಸಿಕ್ಕಿಕೊಂಡಿವೆ. "ಹಾಗಾದ್ರೆ ಕಾಲ್ಬೆರಳು" ಎಂದಳು.

ಶೂ ಒಳಗೆ ಒಂದೊಂದೇ ಕಾಲ್ಬೆರಳು ಒತ್ತುತ್ತಾ ನಡೆದೆ. ಎಡಗಾಲಿನ ಐದು, ಬಲಗಾಲಿನ ಐದು, ಮತ್ತೆ ಎಡದ ಐದು, ಬಲದ ಹೆಬ್ಬೆರಳು. ಹೊಡೆದೆ! ಇಪ್ಪತ್ತು ಜನವೂ ಒಂದೇ ಉಸಿರಿನಲ್ಲಿ ಶುರು ಮಾಡಿದರು. ಸಮಿತಿಯವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಹಾಡಿ ಎಂದವರೇ ಎದ್ದು ನಿಂತು, "ಪೆರೇಡಿಗೆ ಬನ್ನಿ" ಎಂದರು. ನನ್ನ ಕಣ್ಣಲ್ಲಿ ನೀರೇ ಬಂತು.

ನನ್ನ ವಿದ್ಯಾರ್ಥಿನಿ ಬೆನ್ನು ತಟ್ಟಿದಳು. "ವೆರಿ ಗುಡ್. ಮನಸ್ಸಿಟ್ಟು ಮಾಡಿದ್ರೆ ಎಲ್ಲಾ ಬರುತ್ತೆ. ಕೂತ್ಕೊಳ್ಳಿ."

ನಾನು ಕೂತೇಬಿಟ್ಟೆ.

ಡ್ರೆಸ್ಸು

ಯೂನಿಫಾರಂ ಬಂತು. ಬಿಳಿ ಪ್ಯಾಂಟು, ಚಿನ್ನದ ಬಣ್ಣದ ದಾರ ಹೊಲಿದ ಕೆಂಪು ಕೋಟು, ಮುಂದೆ ಅಂಚು ಚಾಚಿದ ಟೋಪಿ. ಜೀವಮಾನದಲ್ಲಿ ನಾನು ಪ್ಯಾಂಟು ತೊಟ್ಟವಳಲ್ಲ. ಬಾಗಿಲು ಹಾಕಿಕೊಂಡು ತೊಟ್ಟು, ಕನ್ನಡಿಯ ಮುಂದೆ ನಿಂತೆ. ಸುಳ್ಳೇಕೆ ಹೇಳಲಿ, ಚೆನ್ನಾಗಿ ಕಾಣುತ್ತಿದ್ದೆ. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಯಜಮಾನರು ತರಕಾರಿಗೆ ಹೋಗಿದ್ದರು. ಮನೆಯಲ್ಲಿದ್ದವರು ಎಂಬತ್ತಾರು ವರ್ಷದ ನಮ್ಮತ್ತೆ ಒಬ್ಬರೇ. ಅವರಿಗೆ ಪೊರೆ ಬಂದು ಕಣ್ಣು ಮಂಜು.

ಹಾಲಿಗೆ ಹೋಗಿ ಬೂಟು ಕುಟ್ಟಿ ಅಟೆನ್ಷನ್ನಿನಲ್ಲಿ ನಿಂತೆ. ಅತ್ತೆ ಸೋಫಾದಿಂದ ಗಡಬಡಿಸಿ ಎದ್ದರು. ನಲವತ್ತು ವರ್ಷದ ಸಂಸಾರದಲ್ಲಿ ನನ್ನನ್ನು ನೋಡಿ ಅವರು ಎದ್ದು ನಿಂತಿದ್ದು ಅದೇ ಮೊದಲು. ಸೆರಗು ಸರಿ ಮಾಡಿಕೊಂಡು ಕೈ ಮುಗಿದರು.

"ಬನ್ನಿ ಇನ್ಸ್‌ಪೆಕ್ಟ್ರೇ, ಕೂತ್ಕೊಳ್ಳಿ. ನನ್ನ ಮಗ ಮನೇಲಿಲ್ಲ. ಏನಾಗಿದೆ?"

ನಗು ತಡೆದುಕೊಂಡು ಅಟೆನ್ಷನ್ನಿನಲ್ಲೇ ನಿಂತಿದ್ದೆ. ಅತ್ತೆ ಒಂದು ಹೆಜ್ಜೆ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು:

"ಏನೇ ಆಗಿದ್ರೂ ನನ್ನ ಮಗ ಮಾಡಿರಲ್ಲ ಸಾರ್. ನನ್ನ ಸೊಸೆ ಮಾಡಿರ್ತಾಳೆ."

ಉರುಳಿದ್ದು

ಆಗಸ್ಟ್ ಹದಿನೈದು. ಮೈದಾನದ ತುಂಬ ಜನ. ಹತ್ತಾರು ಶಾಲೆಗಳ ಬ್ಯಾಂಡುಗಳು, ಅವುಗಳ ನಡುವೆ ನಾವು. ವೇದಿಕೆಯ ಮೇಲೆ ಬಿಳಿ ಮೀಸೆಯ ಒಬ್ಬ ನಿವೃತ್ತ ಸೇನಾಧಿಕಾರಿ ಮುಖ್ಯ ಅತಿಥಿ. ಹೊರಡುವ ಮುಂಚೆ ಮಾಸ್ಟರು ಕೊನೆಯ ಮಾತು ಹೇಳಿದರು. "ಟೋಪಿ ಬಿದ್ರೆ ಬೀಳ್ಲಿ. ಹಲ್ಲಿನ ಸೆಟ್ ಬಿದ್ರೂ ಬೀಳ್ಲಿ. ಸ್ಟೆಪ್ ಮಾತ್ರ ಬಿಡಬೇಡಿ. ಮುಂದಿನ ಸಾಲಿನ ಬಲತುದೀಲಿ ಸಿಂಬಲ್ಸ್ ಮೇಡಂ ಇರ್ತಾರೆ. ಅವರು ತಿರುಗಿದ ಕಡೆ ಎಲ್ಲರೂ ತಿರುಗಿ."

ಸಿಂಬಲ್ಸೇ ಬಿದ್ದರೆ ಏನು ಮಾಡಬೇಕು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೈದಾನದ ಮಧ್ಯಕ್ಕೆ ಬಂದಿದ್ದೆವು. ಎಲ್ಲವೂ ಚೆನ್ನಾಗಿ ಸಾಗಿತ್ತು. ಜೋರಾಗಿ ಒಂದು ಹೊಡೆತ ಹೊಡೆದು ಕೈ ಅಗಲಿಸಿದೆ ನೋಡಿ, ಎಡಗೈಯ ಚರ್ಮದ ಪಟ್ಟಿಯ ಗಂಟು ಕಳಚಿತು. ಪಟ್ಟಿ ಕೈಯಲ್ಲೇ ಉಳಿಯಿತು. ತಟ್ಟೆ ನೆಲಕ್ಕೆ ಬಿತ್ತು. ಅಡ್ಡಡ್ಡಲಾಗಿ ಬಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಅಂಚಿನ ಮೇಲೆ ಬಿದ್ದು, ಬಿಸಿಲಿಗೆ ಫಳಫಳ ಹೊಳೆಯುತ್ತಾ ಉರುಳತೊಡಗಿತು. ನೇರಕ್ಕೂ ಅಲ್ಲ, ಬಿಲ್ಲಿನ ಹಾಗೆ ಬಾಗಿಕೊಂಡು, ವೇದಿಕೆಯ ಕಡೆಗೆ.

ಓಡಿ ಹಿಡಿಯೋಣವೆಂದರೆ ಸ್ಟೆಪ್ ಬಿಡುವ ಹಾಗಿಲ್ಲ. ಬಿಟ್ಟು ಹೋಗೋಣವೆಂದರೆ ಕೊನೆಯ ಹೊಡೆತ ನನ್ನದು, ಅದು ಬಿದ್ದರೆ ಮಾತ್ರ ಬ್ಯಾಂಡ್ ನಿಲ್ಲುವುದು. ಒಂದೇ ತಟ್ಟೆಯಲ್ಲಿ ಏನು ಬಾರಿಸಲಿ? ಇಪ್ಪತ್ತು ಜನರ ಆರು ತಿಂಗಳ ಬೆವರು ಅಲ್ಲಿ ಉರುಳಿಕೊಂಡು ಹೋಗುತ್ತಿದೆ. ತಲೆ ಎತ್ತಿ, ಲೆಫ್ಟ್ ರೈಟ್ ತಪ್ಪದೆ, ತಟ್ಟೆಯ ಹಿಂದೆಯೇ ತಿರುಗಿದೆ.

ನಾನು ತಿರುಗಿದೆನಲ್ಲ, ಸಾಲು ತಿರುಗಿತು. ಸಾಲು ತಿರುಗಿದ್ದಕ್ಕೆ ಹಿಂದಿನ ಸಾಲುಗಳೂ ತಿರುಗಿದವು. ಮುಂದೆ ತಟ್ಟೆ, ಹಿಂದೆ ಇಪ್ಪತ್ತು ಜನ ಕೆಂಪು ಕೋಟಿನ ಹೆಂಗಸರು, ಡ್ರಮ್ ಬಾರಿಸುತ್ತಾ, ಕೊಳಲೂದುತ್ತಾ, ಮೈದಾನದಲ್ಲಿ ಕಾಮನಬಿಲ್ಲಿನ ಹಾಗೊಂದು ಕಮಾನು ಬರೆದೆವು. ಜನ ಎದ್ದು ನಿಂತರು. ಮೈಕ್ ಹಿಡಿದವರಿಗೆ ಪಾಪ ಏನೂ ಗೊತ್ತಿಲ್ಲ, "ಇದೀಗ ನಮ್ಮ ಮಹಿಳಾ ಬ್ಯಾಂಡಿನಿಂದ ವಿಶೇಷ ವಂದನೆ!" ಎಂದು ಕೂಗಿದರು.

ತಟ್ಟೆ ವೇದಿಕೆಯ ಕೆಳಗೆ ಎರಡು ಸುತ್ತು ಗಿರಕಿ ಹೊಡೆದು ಮಲಗಿತು. ಮುಖ್ಯ ಅತಿಥಿಗಳು ಮೆಟ್ಟಿಲಿಳಿದು ಬಂದು, ಅದನ್ನು ಎರಡೂ ಕೈಯಲ್ಲಿ ಎತ್ತಿ, ಪದಕ ಕೊಡುವ ಹಾಗೆ ನನ್ನ ಮುಂದೆ ಹಿಡಿದರು. ನಾನು ನಿಂತಲ್ಲೇ ಹೆಜ್ಜೆ ಹಾಕುತ್ತಾ, ಬಲಗೈಯಲ್ಲಿದ್ದ ತಟ್ಟೆಯಿಂದಲೇ ಸಲ್ಯೂಟ್ ಹೊಡೆದೆ. ಟೋಪಿ ಹಾರಿತು. ಹಾರಲಿ ಎಂದು ಬಿಟ್ಟೆ. ಅವರೂ ತಟ್ಟೆಯನ್ನು ನನ್ನ ಎಡಗೈಗೆ ಕೊಟ್ಟು, ನೆಟ್ಟಗೆ ನಿಂತು ಸಲ್ಯೂಟ್ ಮಾಡಿದರು. ಎಡಗೈ ತಟ್ಟೆಯನ್ನು ಅಂಚಿನಲ್ಲೇ ಕಚ್ಚಿ ಹಿಡಿದು, ಕೊನೆಯ ಹೊಡೆತ ಹೊಡೆದೆ. ಇಪ್ಪತ್ತು ಜೊತೆ ಬೂಟು ಒಟ್ಟಿಗೆ ಧಪ್ ಎಂದು ನಿಂತವು. ಆಮೇಲಿನ ಚಪ್ಪಾಳೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅತ್ಯುತ್ತಮ ವಿನ್ಯಾಸಕ್ಕೆ ಎಂದು ನಮಗೊಂದು ಕಪ್ ಕೊಟ್ಟರು. ಅದನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ, ಅಂಜನಾಪುರ ಕಡೆಯ ಒಂದು ಶಾಲೆಯ ಬ್ಯಾಂಡ್ ಟೀಚರ್ ನೋಟ್‌ಬುಕ್ಕು ಪೆನ್ನು ಹಿಡಿದು ನಮ್ಮ ಮಾಸ್ಟರ ಹತ್ತಿರ ಬಂದರು.

"ಸಾರ್, ಆ ಪ್ಲೇಟ್ ಉರುಳ್ಸಿ ಕರೆಕ್ಟಾಗಿ ಗೆಸ್ಟ್ ಕಾಲ ಹತ್ರ ನಿಲ್ಲಿಸೋದು ಸಖತ್ತಾಗಿತ್ತು. ನಮ್ಮ ಮಕ್ಕಳಿಗೂ ಹೇಳ್ಕೊಡ್ತೀರಾ?"

ಮಾಸ್ಟರು ನನ್ನನ್ನು ನೋಡಿದರು. ನನ್ನ ಕೈಯಲ್ಲಿ ನೇತಾಡುತ್ತಿದ್ದ ಪಟ್ಟಿಯನ್ನು ನೋಡಿದರು. ಕೋಟಿನ ಗುಂಡಿ ಸರಿ ಮಾಡಿಕೊಂಡು, ಎದೆ ಸೆಟೆಸಿ ಹೇಳಿದರು:

"ಅದನ್ನೆಲ್ಲ ಬರ್ಕೊಂಡು ಕಲಿಯೋಕಾಗಲ್ಲ ಮೇಡಂ. ಗುರುಮುಖೇನ ಬರಬೇಕು."