ಗುಂಡ ಊಟ ಬಿಟ್ಟ

ನಮ್ಮ ಮನೆಯಲ್ಲಿ ಯಾರಿಗೆ ಹುಷಾರು ತಪ್ಪಿದರೂ ಮೊದಲು ಕೈಕಾಲು ನಡುಗುವುದು ನನಗೆ. ಹೆಂಡತಿ ಸೀನಿದರೆ ನಾನು ಕಷಾಯ ಕುಡಿಯುತ್ತೇನೆ. ಅಂಥವನ ಮನೆಯಲ್ಲಿ ನಾಯಿಗೇ ಕಾಯಿಲೆ ಬಂದರೆ ಕೇಳಬೇಕಾ! ಏನಾಗಿದೆ ಎಂದು ಅದಕ್ಕೆ ಹೇಳಲಿಕ್ಕೆ ಬರುವುದಿಲ್ಲ, ಸುಮ್ಮನಿರಲಿಕ್ಕೆ ನನಗೆ ಬರುವುದಿಲ್ಲ.

೧. ಮೊಸರನ್ನದ ತಟ್ಟೆ

ನಾನು ತಮಿಳು ಸೀಮೆಯಲ್ಲಿ, ತ್ರಿಪ್ಲಿಕೇನಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತು ಬಿಲ್ಲು ತೆಗೆದುಕೊಳ್ಳುವವನು. ಮನೆ ಪೋರೂರಿನಲ್ಲಿ. ಆಫೀಸಿಗೆ ಹೋಗುವ ಹೆಂಡತಿ, ಏಳನೇ ಕ್ಲಾಸಿನ ಮಗಳು, ಊರಿಂದ ಬಂದು ಆರು ತಿಂಗಳಾದ ಅಮ್ಮ, ಆಮೇಲೆ ಗುಂಡ. ಗುಂಡ ಬೀದಿಯಿಂದ ಮಗಳು ಎತ್ತಿಕೊಂಡು ಬಂದ ಕಂದು ನಾಯಿ. ಅಮ್ಮ ಬಂದ ದಿನವೇ, "ಅದನ್ನು ನನ್ನ ಹತ್ತಿರ ಬಿಡಬೇಡಿ, ನನಗೆ ಮಡಿ ಉಂಟು" ಎಂದು ಹೇಳಿಬಿಟ್ಟಿದ್ದರು.

ಒಂದು ಸಂಜೆ ಮನೆಗೆ ಬಂದರೆ ಮಗಳು ಬಾಗಿಲಲ್ಲೇ, "ಅಪ್ಪಾ, ಗುಂಡ ಸಾಪಿಡವೇ ಇಲ್ಲೆ!" ಎಂದಳು. ನಾವು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರ ಕೊಡುವುದು, ನಮ್ಮ ಮನೆಯ ಪದ್ಧತಿ. ಊಟ ಮಾಡಿಯೇ ಇಲ್ಲ ಎಂದದ್ದು ನಿಜ, ಬೆಳಿಗ್ಗೆ ಹಾಕಿಟ್ಟ ಮೊಸರನ್ನ ಹಾಗೇ ಇತ್ತು. ಗುಂಡ ಅಮ್ಮನ ಕೋಣೆಯ ಮುಚ್ಚಿದ ಬಾಗಿಲಿಗೆ ಒರಗಿ ಮಲಗಿದ್ದ. ಬಿಸ್ಕತ್ತು ತೋರಿಸಿದರೆ ಮುಖ ತಿರುಗಿಸಿದ.

ನಾಯಿಯ ಮೂಗು ತಣ್ಣಗಿರಬೇಕೋ ಬಿಸಿಯಿರಬೇಕೋ ನನಗೆ ನೆನಪಾಗಲಿಲ್ಲ. ಅವನ ಮೂಗು ಮುಟ್ಟಿದೆ, ನನ್ನ ಮೂಗು ಮುಟ್ಟಿಕೊಂಡೆ, ಮತ್ತೆ ಅವನದು ಮುಟ್ಟಿದೆ.

ಹೆಂಡತಿ ಹೇಳಿದಳು: "ಹೋಯ್, ಮೊದಲು ಕೈ ತೊಳೆದುಕೊಳ್ಳಿ. ಇಬ್ಬರಲ್ಲಿ ಯಾರಿಗೆ ಯಾರ ರೋಗ ಅಂಟುತ್ತದೋ!"

೨. ಪೇಷೆಂಟ್ ಯಾರು?

ಮರುದಿನ ನಾವು ಏಳುವಷ್ಟರಲ್ಲಿ ತಟ್ಟೆ ಖಾಲಿ. ಆದರೂ ನನಗೆ ಸಮಾಧಾನ ಇಲ್ಲ. ರಜೆ ಹಾಕಿ, ಹೆಚ್ಚು ದುಡ್ಡಿಗೆ ಒಪ್ಪಿದ ಆಟೋದಲ್ಲಿ ಅವನನ್ನು ಕೂರಿಸಿಕೊಂಡು ಪಶುವೈದ್ಯರ ಕ್ಲಿನಿಕ್ಕಿಗೆ ಹೋದೆ. ಗುಂಡ ಒಳಗೆ ಹೋದವನೇ ಡಾಕ್ಟರ ಎದೆಯ ಮೇಲೆ ಎರಡೂ ಕಾಲಿಟ್ಟು ಮುಖ ನೆಕ್ಕಿದ. ನಾನು ಬೆವರು ಒರೆಸಿಕೊಳ್ಳುತ್ತ ಗೋಡೆ ಹಿಡಿದು ನಿಂತಿದ್ದೆ.

ಡಾಕ್ಟರು ನಮ್ಮಿಬ್ಬರನ್ನೂ ನೋಡಿ ತಮಿಳಿನಲ್ಲಿ ಕೇಳಿದರು: "ಇದರಲ್ಲಿ ಪೇಷೆಂಟ್ ಯಾರು ಸಾರ್?"

ರಕ್ತ ಪರೀಕ್ಷೆ, ಮಲ ಪರೀಕ್ಷೆ, ಎಲ್ಲ ಆಯಿತು. ಎಲ್ಲ ಸರಿ ಉಂಟು. ಬಿಲ್ಲು ನೋಡಿದ ಮೇಲೆ ಸರಿ ಇಲ್ಲದ್ದು ನಾನೊಬ್ಬನೇ.

೩. ಭಟ್ಟರ ಮದ್ದು

ಹದಿನೈದು ದಿನ ಕಳೆಯಿತು, ಗುಂಡ ಮತ್ತೆ ಊಟ ಬಿಟ್ಟ. ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆ ಚಿಲ್ಲರೆ ತಪ್ಪು ಕೊಡುತ್ತಿದ್ದೆ. ಹೋಟೆಲಿನ ಅಡುಗೆ ಭಟ್ಟರು ಕರೆದು, "ಅದು ದೃಷ್ಟಿ ಮಾರಾಯ್ರೆ. ಉಪ್ಪು ಮೆಣಸು ನಿವಾಳಿಸಿ ಬೆಂಕಿಗೆ ಹಾಕಿ. ಘಾಟು ಬರದಿದ್ದರೆ ದೃಷ್ಟಿ ಇತ್ತು ಅಂತ ಲೆಕ್ಕ" ಎಂದರು.

ಹಾಕಿದೆ. ಘಾಟು ಬಂತು. ಎಷ್ಟು ಬಂತೆಂದರೆ ನಮ್ಮ ಮೂರನೇ ಮಹಡಿಯವರೆಲ್ಲ ಕೆಮ್ಮುತ್ತ ಮೆಟ್ಟಿಲಿಗೆ ಬಂದರು, ವಾಚ್‌ಮನ್ ನೀರಿನ ಬಕೆಟ್ ಹಿಡಿದು ಓಡಿ ಬಂದ.

ಆವತ್ತಿನಿಂದ ದೃಷ್ಟಿಯ ಭಯ ಇಲ್ಲ. ನಮ್ಮ ಮಹಡಿಯವರು ಯಾರೂ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

೪. ಖಾಲಿ ಹೊಟ್ಟೆ

ಮೂರನೇ ಸಲವೂ ಹಾಗೇ ಆದಾಗ ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಮಾಡೋಣ, ಖಾಲಿ ಹೊಟ್ಟೆಯಲ್ಲಿ ಕರೆತನ್ನಿ ಎಂದರು. ಅದೊಂದು ಸುಲಭ ಎಂದುಕೊಂಡೆ. ಸ್ಕ್ಯಾನಿಗೆ ಹೊರಡಬೇಕಾದ ಬೆಳಿಗ್ಗೆಯೇ ಗುಂಡ ಮೇಜಿನ ಮೇಲಿದ್ದ ಹೋಟೆಲ್ ಪಾರ್ಸೆಲ್ ಎಳೆದು ಎರಡು ಉದ್ದಿನ ವಡೆಯನ್ನು ಕಾಗದದ ಸಮೇತ ಮುಗಿಸಿದ. ತಿನ್ನು ತಿನ್ನು ಎಂದು ಕಾಲು ಹಿಡಿದ ದಿನ ತಿನ್ನಲಿಲ್ಲ, ತಿನ್ನಬೇಡ ಎಂದ ದಿನ ಬಿಡಲಿಲ್ಲ.

"ಮೂರು ವರ್ಷ ನಿಮ್ಮ ಜೊತೆ ಇದ್ದಾನಲ್ಲ, ಬುದ್ಧಿ ಬೇರೆ ಯಾರದ್ದು ಬರಬೇಕು?" ಎಂದಳು ಹೆಂಡತಿ.

ಇನ್ನೊಂದು ದಿನ ಸ್ಕ್ಯಾನ್ ಆಯಿತು. ಅದರಲ್ಲೂ ಏನಿಲ್ಲ. ಏನಿಲ್ಲ ಅಂದರೆ ಖುಷಿಪಡಬೇಕು, ನನಗೆ ಹೆದರಿಕೆ ಜಾಸ್ತಿಯಾಯಿತು. ನಾಲ್ಕನೇ ಸಲ ತಟ್ಟೆ ಹಾಗೇ ಉಳಿದ ಸಂಜೆ ಮಗಳು ನನ್ನ ಅಂಗಿ ಹಿಡಿದು, "ಅಪ್ಪಾ, ಗುಂಡ ಸತ್ತು ಹೋಗ್ತಾನಾ?" ಎಂದು ಕೇಳಿದಳು. ಕನ್ನಡದಲ್ಲಿ ಕೇಳಿದಳು. ನಾನು ಮತ್ತೆ ಗುಂಡನ ಮೂಗು ಮುಟ್ಟಿ ನೋಡಿದೆ.

ಕೋಣೆಯ ಒಳಗಿಂದ ಅಮ್ಮನ ಜಪ ಮಾತ್ರ ಸ್ವಲ್ಪ ಜೋರಾಯಿತು.

೫. ಗೋಡೆಯ ಕ್ಯಾಲೆಂಡರ್

ಡಾಕ್ಟರು ಹೇಳಿದ ಹಾಗೆ ಅವನು ಊಟ ಬಿಟ್ಟ ದಿನಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆ. ಡಾಕ್ಟರು ಅದನ್ನು ತಿರುಗಾ ಮುರುಗಾ ಮಾಡಿ ನೋಡಿದರು. ಹೊಸ ಪರೀಕ್ಷೆಯ ಹೆಸರು ಬಾಯಿಗೆ ಬರುವಷ್ಟರಲ್ಲಿ, ಕ್ಲಿನಿಕ್ಕಿನಲ್ಲಿ ಬಿಲ್ಲು ಬರೆಯುವ ವಯಸ್ಸಾದ ಹೆಂಗಸು ಇಣುಕಿ ನೋಡಿ, ಗೋಡೆಯ ಕ್ಯಾಲೆಂಡರ್ ಕಿತ್ತು ತಂದರು.

"ಸಾರ್, ಇವೆಲ್ಲ ಏಕಾದಶಿ. ಈ ದಿನಗಳಲ್ಲಿ ನಾನೂ ಊಟ ಮಾಡುವುದಿಲ್ಲ."

ಡಾಕ್ಟರು ಗುಂಡನನ್ನು ಗೌರವದಿಂದ ನೋಡಿದರು. "ನಿಮ್ಮ ಮನೆಯಲ್ಲಿ ಏಕಾದಶಿ ಯಾರು ಮಾಡುತ್ತಾರೆ?"

"ನಮ್ಮ ಅಮ್ಮ. ಬೆಳಗಿನಿಂದ ಕೋಣೆ ಬಿಟ್ಟು ಬರುವುದಿಲ್ಲ, ಮರುದಿನ ನಸುಕಿಗೇ ಎದ್ದು ಪಾರಣೆ ಮಾಡಿ ಊಟ ಮುಗಿಸುತ್ತಾರೆ. ಆದರೆ ಅವರು ನಾಯಿಯನ್ನು ಮುಟ್ಟುವುದೇ ಇಲ್ಲ."

"ಹಾಗಂತ ಯಾರು ಹೇಳಿದ್ದು?"

"ಅಮ್ಮನೇ" ಎಂದೆ. ಬಿಲ್ಲಿನ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

೬. ನಾಯಿಯ ಮದ್ದು

ಮರುದಿನ ಮಧ್ಯಾಹ್ನ ಹೇಳದೆ ಕೇಳದೆ ಮನೆಗೆ ಬಂದೆ. ಬಾಲ್ಕನಿಯಲ್ಲಿ ಅಮ್ಮ ತಟ್ಟೆ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಗುಂಡ, ಅವನ ಮುಂದೆ ಅವನ ತಟ್ಟೆ. ಅಮ್ಮ ಸೊಸೆಯ ಸಾರಿಗೆ ಹುಳಿ ಜಾಸ್ತಿಯಾದದ್ದರಿಂದ ಹಿಡಿದು ನನ್ನ ಹೊಟ್ಟೆ ಮುಂದೆ ಬಂದದ್ದರವರೆಗೆ ಎಲ್ಲವನ್ನೂ ಅವನಿಗೆ ಹೇಳುತ್ತಿದ್ದರು. ಅವನು ಕಿವಿ ನೆಟ್ಟಗೆ ಮಾಡಿ ಕೇಳುತ್ತಿದ್ದ. ತಮ್ಮ ಊಟ ಮುಗಿದ ಮೇಲೆ ಬದಿಗೆ ತೆಗೆದಿಟ್ಟ ಒಂದು ತುತ್ತನ್ನು ಅವನ ತಟ್ಟೆಗೆ ಹಾಕಿ, "ಇನ್ನು ಉಣ್ಣು ಮಗಾ" ಎಂದರು. ಆಗ ಗುಂಡ ಬಾಯಿ ಹಾಕಿದ.

"ಅಮ್ಮಾ!"

ಅಮ್ಮ ಬೆಚ್ಚಿಬಿದ್ದರು. "ಎಂಜಲು ಅಲ್ಲ ಮಾರಾಯ, ಮೊದಲೇ ತೆಗೆದಿಟ್ಟದ್ದು" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನೀವೆಲ್ಲ ಹೊರಟುಹೋಗ್ತೀರಿ. ಸಂಜೆ ಬಂದರೆ ಮೊಮ್ಮಗಳ ತಮಿಳು ನನಗೆ ಬರುವುದಿಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳುವವನು ಇವನೊಬ್ಬ" ಎಂದರು.

ಉಪವಾಸದ ವಿಷಯ ಹೇಳಿದೆ. ಅಮ್ಮನ ಕಣ್ಣು ತುಂಬಿತು. "ನಾನು ಉಣ್ಣದೆ ಅವನೂ ಉಣ್ಣುವುದಿಲ್ಲವಾ?" ಎಂದು ಎರಡೆರಡು ಸಲ ಕೇಳಿದರು. ನಾನು ಹಿಂದಿನ ದಿನ ಡಾಕ್ಟರು ಬರೆದುಕೊಟ್ಟಿದ್ದ ಮದ್ದಿನ ಚೀಟಿ ಓದಿದೆ: "ರೋಗಿ, ಗುಂಡ. ಔಷಧ, ಏಕಾದಶಿ ಮಧ್ಯಾಹ್ನ ಅಜ್ಜಿ ಏನಾದರೂ ತಿನ್ನಬೇಕು."

ನಲವತ್ತು ವರ್ಷದಿಂದ ಏಕಾದಶಿಗೆ ಒಂದು ಅಗುಳು ಬಾಯಿಗಿಡದವರು ಅಮ್ಮ. ಮುಂದಿನ ಏಕಾದಶಿ ಬಂತು. ನಾವು ಮೂವರೂ ರಜೆ ಹಾಕಿ ಉಸಿರು ಹಿಡಿದು ಕೂತೆವು. ಗುಂಡ ಬಾಗಿಲಿಗೆ ಒರಗಿ ಮಲಗಿದ್ದ. ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಅಮ್ಮ ಒಂದು ಬಟ್ಟಲು ಅವಲಕ್ಕಿಗೆ ಮೊಸರು ಕಲಸಿ, ದೇವರ ಪಟದ ಮುಂದೆ ನಿಂತು, "ನೋಡು, ಇದು ನಾನು ತಿನ್ನುವುದಲ್ಲ. ಇದು ನಾಯಿಯ ಮದ್ದು" ಎಂದು ಹೇಳಿ ತಿಂದರು. ಬದಿಗಿಟ್ಟ ತುತ್ತು ಹಾಕಿದರು. ಗುಂಡ ತಟ್ಟೆ ನೆಕ್ಕಿ ನೆಕ್ಕಿ ಹೊಳೆಯುವ ಹಾಗೆ ಮಾಡಿದ. ಮಗಳು ಕುಣಿದಳು. ನಾನು ಅತ್ತುಬಿಟ್ಟೆ ಅಂತ ಕಾಣುತ್ತದೆ, ಹೆಂಡತಿ ಹಾಗೆ ಹೇಳುತ್ತಾಳೆ.

ಅಮ್ಮ ಬಟ್ಟಲು ತೊಳೆದಿಟ್ಟು ನನ್ನ ಹತ್ತಿರ ಬಂದು ಕೇಳಿದರು: "ಆ ಚೀಟಿಯನ್ನು ಇನ್ನೊಮ್ಮೆ ಸರಿಯಾಗಿ ಓದು ಮಗಾ. ಮದ್ದು ಒಂದೇ ಹೊತ್ತಾ, ರಾತ್ರಿಗೂ ಉಂಟಾ?"