ಬಂದೂಕ ಯಾಕ ಬೇಕು, ಕಾರಣ ಬರೀರಿ

ಬಂದೂಕ ಹಾರಿದಾಗಷ್ಟ ಸಪ್ಪಳಾ ಮಾಡತೈತಿ ಅಂತ ಜನಾ ತಿಳಕೊಂಡಾರ. ನನ್ನ ಕೇಳ್ರಿ. ಅದು ಕಾಗದದ ಮ್ಯಾಲ ಬಂತಂದ್ರ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

ನಮ್ಮ ಜಮಖಂಡಿ ಸಂಸ್ಥಾನ ಮುಂಬಯಿ ಸರಕಾರದಾಗ ಕೂಡಿದ ಹೊಸದು. ನಾ ಕಚೇರಿಯೊಳಗ ಕಾರಕೂನ. ಒಂದಿನ ಹುಕುಂ ಬಂತು: ಸಂಸ್ಥಾನದ ಕಾಲದ ಬಂದೂಕ ಪರವಾನಿಗಿ ಎಲ್ಲಾ ರದ್ದು. ಬಂದೂಕ ಇದ್ದವರು ಈ ತಿಂಗಳ ಆಖೇರಿಯೊಳಗ ಅದನ್ನ ಕಚೇರಿಗಿ ತಂದು ತೋರಿಸಿ, ಯಾಕ ಬೇಕು ಅಂತ ಕಾರಣ ಬರದು, ಹೊಸಾ ಲೈಸೆನ್ಸ್ ತಗೋಬೇಕು. ಕಾರಣ ಸಾಹೇಬರ ಮನಸ್ಸಿಗಿ ಬರಲಿಲ್ಲಂದ್ರ ಬಂದೂಕ ಜಪ್ತಿ, ಆಮ್ಯಾಲ ಸುತ್ತಿಗಿಲೆ ಪುಡಿಪುಡಿ. ಮುದತ್ತು ಮೀರಿ ಮನ್ಯಾಗ ಇಟಗೊಂಡವನ ಮ್ಯಾಲ ಕೇಸು.

ಈ ಬಂದೂಕಿನ ಕೆಲಸದ ಟೇಬಲ್ ತಮಗ ಬ್ಯಾಡಂತ ಉಳಿದ ಕಾರಕೂನರೆಲ್ಲಾ ಜ್ವರಾ, ಹೊಟ್ಟಿಬ್ಯಾನಿ ಅಂತ ನೆವಾ ಹೇಳಿದ್ರು. ನನಗ ಜ್ವರಾ ಬರೂದು ಒಂದಿನ ತಡಾ ಆತು. ಟೇಬಲ್ ನನ್ನ ಕೊಳ್ಳಿಗಿ ಬಿತ್ತು. ಇರ್ಲಿ, ನೌಕರಿ ಅಂದಮ್ಯಾಲ ಮಾಡಬೇಕು. ಆದ್ರ ನನ್ನ ಎದಿ ಧಸಕ್ ಅಂದದ್ದು ಬ್ಯಾರೆ ಕಾರಣಕ್ಕ. ನಮ್ಮ ಮನ್ಯಾಗ ಒಂದು ಜೋಡನಳಿಗಿ ಬಂದೂಕಿತ್ತು.

೧. ಮನಿಯೊಳಗಿನ ಮೊದಲನೇ ಕೇಸು

ಬಂದೂಕ ನಮ್ಮಪ್ಪಂದು. ಅಂವ ಸಂಸ್ಥಾನದ ಶಿಕಾರಖಾನೆಯೊಳಗ ಮೂವತ್ತು ವರ್ಷ ದುಡದಾವ. ದೊರಿಗಳು ಖುಷಿಯಾಗಿ ಕೊಟ್ಟದ್ದು, ಜೋಡಿಗಿ ಠಸ್ಸೆ ಹೊಡದ ಸನದಿನ ಕಾಗದ. ರಿಟಾಯರ್ ಆದಮ್ಯಾಲ ಅಂವ ಒಂದು ಕೌಜುಗಾ ಹಕ್ಕಿನೂ ಹೊಡದಿದ್ದಿಲ್ಲ. ವಾರಕ್ಕೊಮ್ಮಿ ಎಣ್ಣಿ ಅರಿವಿಲೆ ಒರಸಿ, ಗ್ವಾಡಿಗಿ ತೂಗಹಾಕಿ, ಅದರ ಎದರಿಗಿ ಕುಂತು ಚಾ ಕುಡಿಯಾಂವ. ಅಷ್ಟ.

ನಾ ಹುಕುಂ ಓದಿ ಹೇಳಿದೆ. ಅಪ್ಪ ಚಾದ ಬಶಿ ಕೆಳಗಿಟ್ಟ.

"ಅಂದ್ರ ನಾ ನಿನ್ನ ಮುಂದ ನಿಂತು ಅರ್ಜಿ ಕೊಡಬೇಕೇನಲೇ? ನಿನಗ ಚೊಣ್ಣಾ ಹಾಕಿ ಸಾಲಿಗಿ ಕಳಿಸಿದಾವ ನಾನು!"

"ಅಪ್ಪಾ, ಬಂದೂಕಿನ ಕಾರಕೂನನ ಮನ್ಯಾಗ ಲೈಸೆನ್ಸಿಲ್ಲದ ಬಂದೂಕ ಸಿಕ್ಕರ ಮೊದಲ ನನ್ನ ನೌಕರಿ ಹೊಕ್ಕೈತಿ."

"ಹತಾರ ತಂದು ಇಡ್ರಿ ಅಂತ ಹಿಂದ ಹಲಗಲಿ ಬ್ಯಾಡರಿಗೂ ಹೇಳಿದ್ರು, ಅವರು ದಂಗೆ ಎದ್ರು. ಏನಾತು ಗೊತ್ತೈತಿಲ್ಲೋ?"

"ಅದು ಇಂಗ್ರೇಜರ ಸರಕಾರ. ಇದು ನಮ್ಮ ಸರಕಾರ."

"ನಮ್ಮದ ಆದ್ರ ನಮ್ಮ ಬಂದೂಕ ಕಂಡ್ರ ಅದಕ್ಯಾಕ ಹೊಟ್ಟಿಬ್ಯಾನಿ?"

ಅಂದಾವನ ಎದ್ದು ಬಂದೂಕ ಕಂಬಳಿಯೊಳಗ ಸುತ್ತಿ ಅಟ್ಟದ ಮ್ಯಾಲ ಇಟ್ಟ. ಈ ಹುಕುಂ ಹಳೇದಾಗೂತನಕ ಅಲ್ಲೇ ಇರ್ಲಿ ಅಂದ. ಅವ್ವ ಬಾಗಲದಾಗ ನಿಂತು ಎಲ್ಲಾ ಕೇಳಾಕತ್ತಿದ್ಲು. ಆಕೀಗಿ ಬಂದೂಕಿನ ಚಿಂತಿ ಇಲ್ಲ, ನನ್ನ ನೌಕರಿದು. ಕಣ್ಣಾಗ ನೀರು ತಂದ್ಲು.

ನಾ ಕಾಲಿಗಿ ಬೀಳೂದೊಂದ ಬಾಕಿ. "ಅಪ್ಪಾ, ಕಳ್ಳರ ಕಾಟ ಐತಿ ಅಂತ ಒಂದು ಸಾಲು ಬರದು ಕೊಟ್ಟಬಿಡೋ."

"ಸುಳ್ಳ ಬರೀಲೇನು? ನಿನ್ನ ಪಗಾರದ ಮನಿಗಿ ಕಳ್ಳರ್ಯಾಕ ಬರ್ತಾರಲೇ? ಬಂದ್ರೂ ಪಾಪ, ಅವರ ಏನಾರ ಇಟ್ಟು ಹೋದಾರು."

೨. ಕುದುರಿ ಕೆಟ್ಟೈತಿ

ಹೊಳಿದಂಡಿಯ ರೈತನೊಬ್ಬ ಬಂದೂಕ ತಂದ. ಹಂದಿ ಬಂದು ಅವನ ಕಬ್ಬು, ಶೇಂಗಾ ಎಲ್ಲಾ ಹಾಳ ಮಾಡಾಕತ್ತಿದ್ವು. ಖರೇ ಕಾರಣ. ಆದ್ರ ಬಂದೂಕಿನ ಕುದುರಿ ಕೂಡ್ತಿದ್ದಿಲ್ಲ. ಬೆರಳಿಲೆ ಜಗ್ಗಿದ್ರ ಠಪ್ ಅಂತ ಬಡೀತೈತಲ್ಲ, ಅದಕ್ಕ ನಮ್ಮ ಕಡೆ ಕುದುರಿ ಅಂತಾರ. ನಾ ಬಂದೂಕಿನ ಸ್ಥಿತಿ ಅನ್ನೂ ಕಾಲಮಿನ್ಯಾಗ ಚಂದಾಗಿ ಬರದೆ: "ಕುದುರೆ ಕೆಟ್ಟಿದೆ. ದುರಸ್ತಿಗೆ ಅನುಮತಿ ಬೇಕು."

ಕಾಗದ ಮ್ಯಾಲಿನ ಕಚೇರಿಗಿ ಹೋತು. ಅಲ್ಲಿ ಯಾವನೋ ಪುಣ್ಯಾತ್ಮ ಅದನ್ನ ಇಂಗ್ಲೀಷಿಗಿ ತಿರುವಿ ಹಾಕಿದ. ಎಂಟು ದಿನಕ್ಕ ತಿರುಗಿ ಬಂತು: "ಅರ್ಜಿದಾರರ ಕುದುರೆಯ ಬಣ್ಣ, ವಯಸ್ಸು ತಿಳಿಸುವುದು. ಪಶುವೈದ್ಯರ ಸರ್ಟಿಫಿಕೇಟು ಲಗತ್ತಿಸುವುದು."

ನನಗ ಮೈಯೆಲ್ಲಾ ಉರಿ ಹತ್ತಿತು. ಕುದುರಿ ಅಂದ್ರ ಪ್ರಾಣಿ ಅಲ್ಲ ಅಂತ ಬರದು ಕಳಸೂದು, ಅದಕ್ಕ ಅವರು ಪ್ರಶ್ನೆ ಹಾಕೂದು, ಅಷ್ಟರಾಗ ತಿಂಗಳಾ ಮುಗದು ಇವನ ಬಂದೂಕ ಪುಡಿ. ರೈತ ನನ್ನ ಮಾರಿ ನೋಡಿದ. "ಸರ್ಟಿಫಿಕೇಟ ಕೇಳ್ಯಾರಂದ್ರ ತಂದರ ತರ್ತೀನಿ ತಗೋರಿ" ಅಂದಾವನ ಬಂದೂಕ ಹೆಗಲಿಗಿ ಹಾಕ್ಕೊಂಡು ದನದ ದವಾಖಾನಿಗಿ ನಡದ.

ಡಾಕ್ಟರು ಮೊದಲ ಕೈ ಮ್ಯಾಲೆತ್ತಿ ನಿಂತರಂತ. ಆಮ್ಯಾಲ ಕೂಸಿನಂಗ ನಕ್ಕು, ಹಿಂಗ ಬರದು ಸಹಿ ಹಾಕಿ ಕೊಟ್ರು: "ಕುದುರೆಯನ್ನು ಪರೀಕ್ಷಿಸಿದ್ದೇನೆ. ಬಣ್ಣ ಕಪ್ಪು. ವಯಸ್ಸು ಅಂದಾಜು ಅರವತ್ತು. ಮೇವು ತಿನ್ನುವುದಿಲ್ಲ. ಎಣ್ಣೆ ಕುಡಿಸಿದರೆ ಗುಣವಾಗುತ್ತದೆ."

ನಾ ಅದನ್ನ ಹಂಗ ಕಳಿಸಿದೆ. ನಾಕ ದಿನಕ್ಕ ಉತ್ತರಾ ಬಂತು: "ಸರ್ಟಿಫಿಕೇಟು ಸರಿಯಾಗಿದೆ. ಮಂಜೂರು."

೩. ಹಂದಿಯ ಪಂಚನಾಮೆ

ನಮ್ಮ ಸಾಹೇಬರು ಘಟ್ಟದ ಆಚೆಕಡಿಯವರು, ಕನ್ನಡಾ ಪುಸ್ತಕದಾಗ ಓದಿ ಕಲತವರು. ಎರಡ ಕಾರಣ ಒಪ್ಪತಿದ್ರು: ಬೆಳಿಗಿ ಪ್ರಾಣಿ ಕಾಟ, ಇಲ್ಲಾ ಜೀವಕ್ಕ ಅಪಾಯ. ಹವ್ಯಾಸ ಅಂತ ಬರದಾವನ ಬಂದೂಕ ಅಲ್ಲೇ ಇಟಗೊಂತಿದ್ರು. ಮೂಲ್ಯಾಗ ಜಪ್ತಿ ಬಂದೂಕಿನ ಗುಂಪಿ ದಿನಾ ದಿನಾ ಎತ್ತರ ಆಗಾಕತ್ತಿತು. ಅದನ್ನ ಕಂಡಾಗೆಲ್ಲಾ ನನಗ ನಮ್ಮ ಅಟ್ಟ ನೆನಪಾಗತಿತ್ತು.

ಬನಹಟ್ಟಿಯ ಒಬ್ಬ ನೇಕಾರ ಸಾಹುಕಾರಗ ರವಿವಾರಕ್ಕೊಮ್ಮಿ ಗೆಳ್ಯಾರ ಜೋಡಿ ಕೌಜುಗಾ ಹೊಡಿಯೂ ಚಟಾ. ಹಂಗಂತ ಬರದ್ರ ಬಂದೂಕ ಹೋಗತೈತಿ ಅಂತ ಅಂವ ಹಂದಿ ಕಾಟ ಅಂತ ಬರದ.

ಸಾಹೇಬರು ಕೇಳಿದ್ರು: "ನಿಮಗೆ ಹೊಲ ಇಲ್ಲ. ಮಗ್ಗದ ಓಣಿಯಲ್ಲಿ ಹಂದಿ ಬಂದು ಏನು ಮಾಡುತ್ತದೆ?"

"ನೂಲಿಗಿ ಗಂಜಿ ಹಾಕಿ ಒಣಗಸ್ತೀವಲ್ರಿ ಸಾಹೇಬರ, ಆ ಗಂಜಿ ವಾಸನಿಗಿ ಬಂದು ನೂಲ ತಿಂತಾವ್ರಿ."

ಸಾಹೇಬರು ನನ್ನ ಕಡೆ ನೋಡಿದ್ರು. "ಕಾರಕೂನ, ಹೋಗಿ ಪಂಚನಾಮೆ ಮಾಡಿ."

ಹೋದೆ. ಸಾಹುಕಾರ ಓಣಿಯೊಳಗಿನ ದಪ್ಪನ್ನ ಹಂದಿ ಒಂದನ್ನ ಅಟ್ಟಿಸಿ ತರಸಿದ್ದ. ಅದರ ಮುಂದ ಗಂಜಿ ಹಾಕಿದ ನೂಲಿನ ಲಡಿ ಇಟ್ಟ. ಇಬ್ಬರು ಪಂಚರು, ನಾನು, ಓಣಿಯ ಜನಾ, ಎಲ್ಲಾರೂ ಹಂದಿಯ ಮಾರಿ ನೋಡಕೋಂತ ನಿಂತ್ವಿ. ಹಂದಿ ಲಡಿ ಮೂಸಿ ನೋಡಿತು, ಮಾರಿ ತಿರುವಿತು, ಸೀದಾ ಕಟ್ಟಿ ಮ್ಯಾಲ ನಾ ಇಟ್ಟಿದ್ದ ಬುತ್ತಿಗಿ ಬಾಯಿ ಹಾಕಿತು. ನಾಕ ರೊಟ್ಟಿ, ಝುಣಕಾ, ಉಳ್ಳಾಗಡ್ಡಿ, ಕಟ್ಟಿದ ಅರಿವಿ ಸೈತ ಬಿಡಲಿಲ್ಲ.

ನಾ ಖರೇ ಮನಶಾ. ಹಸದ ಹೊಟ್ಟಿಲೆ ಇದ್ದದ್ದ ಬರದು ಕೊಟ್ಟೆ. ಸಾಹೇಬರು ಬುಡಕ ಷರಾ ಹಾಕಿದ್ರು: "ಅರ್ಜಿದಾರರಿಗೆ ಹಂದಿಯ ಕಾಟ ಇಲ್ಲ. ಕಾರಕೂನರಿಗೆ ಇದೆ. ಬಂದೂಕು ಬೇಕಾದಲ್ಲಿ ಅವರು ಅರ್ಜಿ ಹಾಕಲಿ."

೪. ಖಾಲಿ ಐತ್ರಿ

ಮುದತ್ತು ಮುಗಿಯಾಕ ಎರಡ ದಿನ ಇತ್ತು. ಹಳೇ ಮನೆತನದ ಗೌಡರೊಬ್ಬರು ಮೂತಿಯೊಳಗ ಮದ್ದು ತುಂಬೂ ಕಾಲದ ಉದ್ದನ್ನ ಬಂದೂಕ ತಂದ್ರು. ಜೋಡಿಗಿ ಒಂದು ಮುಧೋಳ ನಾಯಿ. ಬಂದೂಕಿಗಿಂತ ನಾಯಿ ಸಣಕಲ.

"ಕೆಟ್ಟು ಮೂವತ್ತು ವರ್ಷಾತ್ರಿ. ನಮ್ಮಜ್ಜನ ನೆನಪಿಗಿ ಅಂತ ಇಟಗೊಂಡೀನಿ" ಅಂದ್ರು ಗೌಡ್ರು.

"ಗೌಡ್ರ, ಒಳಗ ಏನಿಲ್ಲಲ್ರಿ?" ಅಂತ ನಾ ಕೇಳಿದೆ.

"ಖಾಲಿ ಐತ್ರಿ. ದೇವರಾಣಿ."

ಸಾಹೇಬರು ಬಂದೂಕ ಟೇಬಲ್ ಮ್ಯಾಲ ಇಟಗೊಂಡು, ಮೂತಿಯೊಳಗ ಒಂದು ಕಣ್ಣು ಮುಚ್ಚಿ ಇಣಿಕಿ ನೋಡಿದ್ರು. ದೇವರ ದಯಾ, ಕತ್ತಲಿ ಅಷ್ಟ ಕಾಣಿಸಿತು ಅಂತ ಮೂತಿ ಮ್ಯಾಲ ಮಾಡಿ ಕುದುರಿ ಎಳದು ಬಿಟ್ರು.

ಧಡಮ್!

ಕಚೇರಿಯೆಲ್ಲಾ ಹೊಗಿ. ಮಾಳಗಿಗಿ ತೂತು ಬಿದ್ದು ಮಣ್ಣು ಬುಟ್ಟಿಗಟ್ಟಲೆ ನಮ್ಮ ತಲಿ ಮ್ಯಾಲ ಬಿತ್ತು. ಅಜ್ಜ ತುಂಬಿಟ್ಟ ಬಾರು ಮೊಮ್ಮಗನ ಕಾಲಕ್ಕ ಹಾರಿತ್ತು. ನಾಯಿ ಶಿಕಾರಿ ಬಿತ್ತು ಅಂತ ತಿಳದು, ಜಿಗದು ಗೂಟಕ್ಕಿದ್ದ ಸಾಹೇಬರ ಟೋಪಿ ಕಚ್ಚಿ ತಂದು ಗೌಡರ ಕಾಲಾಗ ಹಾಕಿತು. ಯಾರಾರ ಸತ್ತಾರೇನಂತ ನಾ ಒಬ್ಬೊಬ್ಬರನ್ನ ಎಣಿಸಿದೆ. ಸಾಹೇಬರ ಕಾಣವಲ್ಲರು.

ಟೇಬಲ್ ಬುಡಕಿಂದ ಸಣ್ಣಗ ದನಿ ಬಂತು: "ಕಾರಕೂನ, ಬಂದೂಕು ಚಾಲ್ತಿ ಇದೆಯೇ ಎಂಬ ಕಾಲಮಿನಲ್ಲಿ, ಇದೆ ಎಂದು ಬರೆಯಿರಿ."

೫. ಆಖೇರಿ ದಿನ

ಆಖೇರಿ ದಿನ ಮುಂಜಾನೆ ನಾ ಕೋಟು ಹಾಕ್ಕೊಂಡು ಅಪ್ಪನ ಮುಂದ ನಿಂತೆ. "ಇವತ್ತ ಐದಕ್ಕ ನನ್ನ ಟೇಬಲ್ ಬಂದ್ ಆಗತೈತಿ. ನಾಳಿಗಿ ಪೊಲೀಸರು ಬರ್ತಾರ. ನಾನ ಅವರನ್ನ ಕರಕೊಂಡು ಬರಬೇಕು. ಅದು ನನ್ನ ಕೈಲೆ ಆಗೂದಿಲ್ಲ, ನೌಕರಿ ಬಿಡ್ತೀನಿ." ಅಪ್ಪ ಅಟ್ಟದ ಕಡೆ ನೋಡಿದ. ಅವ್ವ ಒಲಿ ಮುಂದಿಂದ ಮಾರಿ ಎತ್ತಲಿಲ್ಲ.

ನಾಕೂವರಿ ಆಗಿರಬೇಕು. ಸರತಿಯೊಳಗ ತಲಿ ಎತ್ತಿ ನೋಡ್ತೀನಿ, ಅಪ್ಪ! ತಲಿಗಿ ಜರದ ಪಟಕಾ, ಬಗಲಾಗ ಕಂಬಳಿ ಗಂಟು. ನೇಮದ ಪ್ರಕಾರ ಕೇಳಲೇಬೇಕು.

"ನಿಮ್ಮ ಹೆಸರು?"

"ನಿನ್ನ ಹೆಸರಿನ ನಡುವ ಅಪ್ಪನ ಹೆಸರಂತ ಬರಕೊಂತೀಯಲ್ಲ, ಅದ."

ಸರತಿಯವರೆಲ್ಲಾ ನಕ್ರು. ನಾ ತಲಿ ತಗ್ಗಿಸಿ ಬರಕೊಂಡೆ. "ಬಂದೂಕ ಯಾಕ ಬೇಕು? ಕಾರಣ?"

"ಅದನ್ನ ನಿಮ್ಮ ಸಾಹೇಬರಿಗಿ ಹೇಳ್ತೀನಿ."

ಒಳಗ ಕರಕೊಂಡು ಹೋದೆ. ಸಾಹೇಬರು ಕೇಳಿದ್ರು: "ಬೆಳೆಗೆ ಕಾಟ ಇದೆಯೇ?"

"ಹೊಲಾನ ಇಲ್ರಿ."

"ಜೀವಭಯ?"

"ನನಗ ಯಾರ ಅಂಜಿಕಿನೂ ಇಲ್ರಿ."

ಮುಗೀತು ಅಂತ ನಾ ಕಣ್ಣು ಮುಚ್ಚಿದೆ. ಸಾಹೇಬರು ಬರಿಯಾಕ ಟಾಕು ಎತ್ತಿದ್ರು. "ಭಯ ಇಲ್ಲದವರಿಗೆ ಬಂದೂಕು ಏಕೆ?"

"ಅಂಜಿಕಿ ಇದ್ದಾವನ ಕೈಯಾಗ ಬಂದೂಕ ಕೊಟ್ರ ಗಾಳಿಗಿ ಬಾಗಲಾ ಬಡದ್ರೂ ಹಾರಸ್ತಾನ್ರಿ ಸಾಹೇಬರ. ಗೊತ್ತಿಲ್ಲದಾವನ ಕೈಯಾಗ ಕೊಟ್ರ ಖಾಲಿ ಐತಿ ಅಂತಾನ. ನಾ ಮೂವತ್ತು ವರ್ಷ ಹಿಡದೀನಿ, ಒಬ್ಬರಿಗೂ ತರಚಿಲ್ಲ. ಅದರ ಮ್ಯಾಲ ನನಗ ಜೀವ ಐತ್ರಿ, ಅದಕ್ಕ ಬೇಕು. ಸುಳ್ಳ ಬರಿಯಾಂವ ನಾ ಅಲ್ಲ."

ಸಾಹೇಬರು ಮಾಳಗಿಯ ತೂತು ನೋಡಿದ್ರು. ಅಪ್ಪನ್ನ ನೋಡಿದ್ರು. ಮಂಜೂರು ಅಂತ ಬರದು ಸಹಿ ಮಾಡಿ ಠಸ್ಸೆ ಒತ್ತಿದ್ರು. ನನಗ ಅಳು ಬಂದಬಿಟ್ಟಿತು. ಅಪ್ಪ ಲೈಸೆನ್ಸ್ ತಗೊಂಡು ಕಣ್ಣಿಗಿ ಒತ್ತಿಕೊಂಡ.

"ಈಗ ಬಂದೂಕು ತೋರಿಸಿ."

ಅಪ್ಪ ಕಂಬಳಿ ಗಂಟು ಟೇಬಲ್ ಮ್ಯಾಲ ಇಟ್ಟು, ಕೂಸಿನ ಅರಿವಿ ಬಿಚ್ಚಿದಂಗ ಮೆಲ್ಲಕ ಬಿಚ್ಚಿದ.

ಒಳಗ ಒನಕಿ ಇತ್ತು.

ಸಾಹೇಬರು ಚಷ್ಮಾ ಸರಿ ಮಾಡಿಕೊಂಡು ಕೇಳಿದ್ರು: "ಇದು ಎಷ್ಟು ನಳಿಗೆಯದು?"

ಅಪ್ಪ ಒನಕಿ ತಿರುಗಿ ಕಂಬಳಿಯೊಳಗ ಸುತ್ತಿದ. ಎಂಟು ದಿನದೊಳಗ ಬಂದೂಕ ಹಾಜರ ಮಾಡ್ರಿ ಅಂತ ಸಾಹೇಬರು ಅಂದದ್ದೂ ಅವಗ ಕೇಳಿಸಿದಂಗ ಕಾಣಲಿಲ್ಲ. ಇಬ್ಬರೂ ಮನಿಗಿ ಬಿರಿಬಿರಿ ನಡದ್ವಿ. ಕಳುವಾಗಿದ್ರ ಇನ್ನೊಂದು ಕೇಸು.

ಅವ್ವ ಒಲಿ ಊದಾಕತ್ತಿದ್ಲು. ಕೈಯಾಗ ಒಂದೂವರಿ ಗೇಣಿನ, ಥಳಥಳಾ ಹೊಳಿಯೂ ಹೊಸಾ ಊದುಗೊಳವಿ.

ನನಗ ತಿಳೀತು. ಅಪ್ಪಗ ನನಗಿಂತ ಮೊದಲ ತಿಳೀತು.

"ಹೆಂಗೂ ಸುತ್ತಿಗಿಲೆ ಮುರಿಸ್ತಾರ ಅಂದ್ರಿ" ಅಂದ್ಲು ಅವ್ವ. "ಅವರ್ಯಾಕ ಮುರೀಬೇಕು? ಕಂಬಳಿಯೊಳಗ ಒನಕಿ ಸುತ್ತಿಟ್ಟು, ಬಂದೂಕ ನಾನ ಕಂಬಾರಗ ಕೊಟ್ಟು ಕೊಯ್ಸಿದೆ. ಹುಡುಗನ ನೌಕರಿ ಉಳೀತು, ಕಬ್ಬಿಣ ಮನ್ಯಾಗ ಉಳೀತು. ಎರಡು ನಳಿಗಿ, ಎರಡು ಊದುಗೊಳವಿ ಆದ್ವು. ಒಂದು ನಮಗ. ಒಂದು ಮಹಾಲಿಂಗಪುರಕ್ಕ ಮಗಳಿಗಿ ಕಳಿಸೀನಿ."

ಅಪ್ಪ ಗ್ವಾಡಿಗಿ ಆನಿಕೊಂಡು ಕುಂತ. ನಾ ಹುಟ್ಟಿದಾಗಿಂದ ಅವನ ಕಣ್ಣಾಗ ನೀರು ಆವತ್ತ ಮೊದಲ ಕಂಡೆ. ಅವ್ವನೂ ಅಳಾಕತ್ತಿದ್ಲು. ಬೈತಾನೋ, ಎದ್ದು ಹೋಗಿಬಿಡ್ತಾನೋ ಅಂತ ನಾ ನೋಡಕೋಂತ ನಿಂತೆ.

ಅಂವ ಕೈ ಚಾಚಿ ಊದುಗೊಳವಿ ಇಸಗೊಂಡ. ರೂಢಿ ಪ್ರಕಾರ ಬೆಳಕಿಗಿ ಹಿಡದು ಒಂದು ಕಣ್ಣಿಲೆ ಒಳಗ ನೋಡಿದ. ಒಲಿಗಿ ಒಮ್ಮಿ ಊದಿದ. ಬೆಂಕಿ ಭಗ್ ಅಂತು. ಆಮ್ಯಾಲ ಕಿಸೆದಾಗಿನ ಲೈಸೆನ್ಸ್ ತಗದು, ಕಣ್ಣು ಒರಸಿಕೊಂಡು, ಹಿಂದೂ ಮುಂದೂ ಓದಿ ನನಗ ಅಂದ:

"ಇದು ಜಮಖಂಡಿ ತಾಲೂಕಿಗಷ್ಟ ನಡೀತೈತಿ. ಇನ್ನೊಂದು ನಳಿಗಿ ಮಹಾಲಿಂಗಪುರದಾಗ, ಅಂದ್ರ ಮುಧೋಳ ತಾಲೂಕಿನ್ಯಾಗ, ಲೈಸೆನ್ಸಿಲ್ಲದನ ಒಲಿ ಊದಾಕತ್ತೈತಿ. ಕಾರಕೂನ ಸಾಹೇಬರ, ನಾಳಿಗಿ ಪೊಲೀಸರನ್ನ ಕರಕೊಂಡು ಹೋಗಿ ಮೊದಲ ನಿಮ್ಮಕ್ಕನ್ನ ಹಿಡೀರಿ."